ದೌಂಡಿನಲ್ಲಿ ಬಿಟ್ಟು ಬಂದ ನಾಯಿ

ನನ್ನ ನಾಯಿ ಮೊದಲ ಸಲ ಕಚ್ಚಿದ್ದು ನನ್ನ ಮೈದುನನನ್ನು. ಎರಡನೆಯ ಸಲ ಕಚ್ಚಿದ್ದೂ ಅವನನ್ನೇ. ಮೊದಲನೆಯದು ಮೀನಖಂಡಕ್ಕೆ, ಎರಡನೆಯದು ಕುಂಡೆಗೆ. ಎರಡೂ ಸಲ ನಾನು ಅದರ ತಲೆ ಸವರಿ, ಅವತ್ತಿನ ರೊಟ್ಟಿಗೆ ತುಪ್ಪ ಹಚ್ಚಿ ಹಾಕಿದ್ದೆ. ಇದನ್ನು ಓದಿ ಯಾರಾದರೂ ‘ಅಯ್ಯೋ, ಪಾಪ ಆ ಗಂಡಸು’ ಎನ್ನುವುದಾದರೆ ಅಂಥವರು ಇಲ್ಲಿಗೇ ಪುಸ್ತಕ ಮುಚ್ಚಿಡಬಹುದು. ನನ್ನದೇನೂ ತಕರಾರಿಲ್ಲ.

ನಾವು ಗುಲ್ಬರ್ಗಾ ಕಡೆಯವರು. ನನ್ನ ಗಂಡ ಗೌಂಡಿ ಕೆಲಸಕ್ಕೆಂದು ಪುಣೆಗೆ ಬಂದವನು, ಹಿಂದೆ ನಾನೂ ಬಂದೆ. ಹಡಪಸರದಲ್ಲಿ ರಸ್ತೆ ಬದಿಗೆ ಒಂದು ತಗಡಿನ ಶೆಡ್ ಹಿಡಿದು ಖಾನಾವಳಿ ತೆಗೆದೆ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಖಾರಬ್ಯಾಳಿ, ಶೇಂಗಾ ಚಟ್ನಿ. ಆಗ ಮಗರಪಟ್ಟಾದಲ್ಲಿ ಹೊಲಗಳೆಲ್ಲ ಹೋಗಿ ದೊಡ್ಡ ದೊಡ್ಡ ಕಟ್ಟಡಗಳು ಏಳುತ್ತಿದ್ದವು. ಕಟ್ಟುವವರೆಲ್ಲ ನಮ್ಮ ಕಡೆಯವರೇ, ಉಣ್ಣುವವರೂ ಅವರೇ. ಅಂಥದೇ ಒಂದು ಕಟ್ಟಡದ ಬೊಂಬಿನ ಅಟ್ಟಣಿಗೆಯಿಂದ ಬಿದ್ದು ಗಂಡ ಸತ್ತ. ಅವನು ಸಾಯುವ ಮುಂಚೆ ಸಿಮೆಂಟು ಚೀಲಗಳ ಮೇಲೆ ಮಲಗಿದ್ದ ಒಂದು ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದಿದ್ದ. ‘ಮನ್ಯಾಗ ಇರ್ಲಿ ಬಿಡು, ನೀ ಒಬ್ಬಾಕಿನೇ ಇರ್ತಿ’ ಅಂದಿದ್ದ. ನಾನು ಬೈದಿದ್ದೆ. ಅದಕ್ಕೊಂದು ಹೆಸರನ್ನೂ ಇಡಲಿಲ್ಲ. ‘ಏಯ್’ ಅಂದರೆ ಬರುತ್ತಿತ್ತು, ಅಷ್ಟು ಸಾಕಾಗಿತ್ತು.

ಗಂಡನ ದಿನಕರ್ಮ ಮುಗಿಯುವುದೇ ತಡ, ಮೈದುನ ಬಂದ. ಶೆಡ್ಡಿನ ಜಾಗ ಗಂಡನ ಹೆಸರಿನಲ್ಲಿತ್ತು. ಅಕ್ಕಪಕ್ಕದಲ್ಲೆಲ್ಲ ಅಂಗಡಿಗಳು ಏಳುತ್ತಿದ್ದವು. ಅವನಿಗೆ ಅಲ್ಲಿ ಮೊಬೈಲ್ ಅಂಗಡಿ ಹಾಕುವ ಆಸೆ ಹುಟ್ಟಿತ್ತು.

‘ಇದು ನಮ್ಮಣ್ಣನ ಜಾಗಾ. ನೀ ಬುತ್ತಿ ಕಟ್ಕೊಂಡು ತವರಮನಿಗಿ ನಡಿ,’ ಅಂದ.

‘ನಿಮ್ಮಣ್ಣನ ಹೆಣಾ ಎತ್ಲಾಕ ಬರ್ಲಿಲ್ಲ, ಜಾಗಾ ಎತ್ಲಾಕ ಬಂದಿಯೇನ?’ ಅಂದೆ.

ಅವನು ನನ್ನ ತುರುಬಿಗೆ ಕೈ ಹಾಕಿದ. ಒಲೆಯ ಮುಂದಿನಿಂದ ಹೊಸ್ತಿಲ ತನಕ ದರದರ ಎಳೆದುಕೊಂಡು ಬಂದ. ನನ್ನ ಮೊಣಕೈ ತರಚಿತು. ಹಿಟ್ಟಿನ ಪರಾತ ಉರುಳಿತು. ಹೊರಗೆ ಮಂದಿ ನಿಂತು ನೋಡುತ್ತಿದ್ದರು, ಒಬ್ಬನೂ ಅಡ್ಡ ಬರಲಿಲ್ಲ. ಮನೆತನದ ಜಗಳ ನೋಡಿ, ಅಡ್ಡ ಬರುವುದು ಅವರಿಗೆ ಮರ್ಯಾದೆಯಲ್ಲ! ಅಡ್ಡ ಬಂದದ್ದು ನಾಯಿ. ಆಗಿನ್ನೂ ಅದು ಪೂರ್ತಿ ಬೆಳೆದಿರಲಿಲ್ಲ. ಅದು ಬೊಗಳಲೂ ಇಲ್ಲ, ಗುರ್ ಅನ್ನಲೂ ಇಲ್ಲ, ಸೀದಾ ಬಂದು ಅವನ ಮೀನಖಂಡ ಹಿಡಿಯಿತು. ಅವನು ನನ್ನ ತುರುಬು ಬಿಟ್ಟ. ನಾಯಿ ಅವನ ಕಾಲು ಬಿಡಲಿಲ್ಲ. ಕಡೆಗೆ ನಾನೇ ಬಿಡಿಸಿದೆ, ಅದೂ ಸಾವಕಾಶವಾಗಿ.

ಎರಡನೆಯ ಸಲ ಕಚ್ಚಿಸಿಕೊಂಡ ಮೇಲೆ ಅವನು ಒಳಗೆ ಬರುವುದನ್ನು ಬಿಟ್ಟ. ರಸ್ತೆಯ ಆಚೆ ಮೋಟರ್ ಸೈಕಲ್ ನಿಲ್ಲಿಸಿ ಅದರ ಮೇಲೆ ಕೂತು ಗುಟ್ಕಾ ಜಗಿಯುತ್ತ ನೋಡುತ್ತಿದ್ದ. ಅಲ್ಲಿಂದಲೇ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತಿದ್ದ: ‘ಆ ನಾಯಿ ಸತ್ತ ದಿನಾ ನಾ ಒಳಗ ಬರ್ತೀನಿ ವೈನಿ. ನೆಪ್ಪಿಟ್ಕೋ.’ ನೆನಪಿಟ್ಟುಕೊಂಡಿದ್ದೆ. ಗಂಡಸರು ಊಟಕ್ಕೆ ಬರುವ ಹೊತ್ತಿನಲ್ಲಿ ನನಗೆ ಹೆದರಿಕೆಯಿರಲಿಲ್ಲ. ಅವರು ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ನಾನು, ಒಲೆ, ನಾಯಿ. ನನ್ನ ಮೈಮೇಲೆ ಒಬ್ಬ ಗಂಡಸಿನ ಕೈ ಬೀಳದೆ ಇದ್ದದ್ದು ಆ ನಾಯಿಯ ಹಲ್ಲಿನಿಂದ. ಪೊಲೀಸರಿಂದಲ್ಲ, ಹಿರಿಯರಿಂದಲ್ಲ, ದೇವರಿಂದಲೂ ಅಲ್ಲ.

ಹೀಗಿರುವಾಗ ಊರಿನಿಂದ ತಮ್ಮನ ಫೋನು ಬಂತು. ಅವ್ವನ ಗರ್ಭಚೀಲ ತೆಗೆಯಬೇಕು, ಸೊಲ್ಲಾಪುರದ ದವಾಖಾನೆಗೆ ಸೇರಿಸುತ್ತೇವೆ ಅಂದ. ‘ನೀ ಬರ್ಲಿಲ್ಲಂದ್ರ ಆಕಿ ಆಪರೇಷನ್ ಟೇಬಲ್ ಮ್ಯಾಲ ಮಕ್ಕೊಳ್ಳೂದಿಲ್ಲಂತ ನೋಡು. ಡಾಕ್ಟರಗ ಕೈ ಎತ್ಯಾಳ,’ ಅಂದ. ನನ್ನ ಅವ್ವ ಅಂಥವಳೇ. ನನಗೆ ಈ ಸಿಟ್ಟು ಆಕಾಶದಿಂದ ಉದುರಿದ್ದಲ್ಲ.

ಹೋಗಲೇಬೇಕಿತ್ತು. ಖಾನಾವಳಿಗೆ ಬೀಗ ಹಾಕಿದರಾಯಿತು, ಊಟದ ಗೌಂಡಿಗಳು ಅತ್ತ ಒಂದು ಕಣ್ಣಿಟ್ಟಿರುತ್ತಿದ್ದರು. ನಾಯಿಯನ್ನು ಏನು ಮಾಡುವುದು? ದವಾಖಾನೆಗೆ ನಾಯಿ ಕಟ್ಟಿಕೊಂಡು ಹೋಗಲಾಗುತ್ತದೆಯೇ? ಹಡಪಸರದಲ್ಲೇ ಬಿಟ್ಟರೆ, ಗೌಂಡಿಗಳು ಕೆಲಸಕ್ಕೆ ಹೋದ ಹೊತ್ತು ನೋಡಿ ಮೈದುನ ಒಂದು ತುಂಡು ಬ್ರೆಡ್ಡಿಗೆ ಏನಾದರೂ ಸವರಿ ಎಸೆದರೆ ಮುಗಿಯಿತು. ಪಕ್ಕದ ಮನೆಯ ಮರಾಠಿ ಅಜ್ಜಿಯನ್ನು ಕೇಳಿದೆ. ಆಕೆ ‘ನಕೋ ಗ ಬಾಯಿ’ ಎಂದು ಬಾಗಿಲನ್ನೇ ಹಾಕಿಕೊಂಡಳು. ಆಕೆಯ ಕೋಳಿಯೊಂದು ನಾಯಿಯ ಬಾಯಿಗೆ ಹೋಗಿತ್ತು, ಆಕೆಯದೇನೂ ತಪ್ಪಿಲ್ಲ.

ಭಾನುವಾರ ಭಾನುವಾರ ನನ್ನಲ್ಲಿ ರೊಟ್ಟಿ ತಿನ್ನಲು ಬರುತ್ತಿದ್ದ ಒಬ್ಬ ಬೆಂಗಳೂರು ಹುಡುಗಿಯಿದ್ದಳು, ಕಂಪ್ಯೂಟರ್ ಕಂಪನಿಯವಳು. ಅವಳಿಗೆ ಹೇಳಿಕೊಂಡೆ.

‘ಅಯ್ಯೋ ಆಂಟಿ, ಅದಕ್ಯಾಕೆ ಇಷ್ಟು ಟೆನ್ಷನ್? ಖರಾಡಿ ಹತ್ರ ನಾಯಿ ಹಾಸ್ಟೆಲ್ ಇದೆ. ನಾವು ಊರಿಗೆ ಹೋದಾಗೆಲ್ಲ ನಮ್ಮ ಬ್ರೂನೊನ ಅಲ್ಲೇ ಬಿಡೋದು. ತುಂಬಾ ಸೇಫು,’ ಅಂದಳು.

ನಾಯಿಗೂ ಹಾಸ್ಟೆಲ್ಲೇ ಎಂದು ನಕ್ಕೆ. ಆದರೂ ನಾಯಿಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೋದೆ. ಹೊರಗೆ ಚೆಂದದ ಬೋರ್ಡು, ಹೂವಿನ ಕುಂಡಗಳು. ಯಜಮಾನ ಹಿಂದಿಯಲ್ಲಿ ಮನೆಯಂತೆಯೇ ವಾತಾವರಣ, ಮನೆಯಂತೆಯೇ ಪ್ರೀತಿ ಎಂದು ಶುರು ಹಚ್ಚಿಕೊಂಡ. ಹಿಂದೆ ಹೋಗಿ ನೋಡುತ್ತೇನೆಂದರೆ ‘ಆಮೇಲೆ, ಆಮೇಲೆ’ ಅಂದ. ನಾನು ಆಮೇಲಿನವಳಲ್ಲ. ಅವನನ್ನು ಸರಿಸಿ ಹಿಂದೆ ಹೋದೆ.

ಹಿಂದೆ ಸಾಲಾಗಿ ಕಬ್ಬಿಣದ ಗೂಡುಗಳು. ನಾಯಿಗಳೆಲ್ಲ ಒಂದೇ ಸಮನೆ ಒದರುತ್ತಿದ್ದವು. ಉಚ್ಚೆಯ ನಾತಕ್ಕೆ ಕಣ್ಣು ಉರಿದವು. ಒಬ್ಬ ಆಳು ಕೈಯಲ್ಲಿ ರಬ್ಬರ್ ಪೈಪಿನ ತುಂಡು ಹಿಡಿದುಕೊಂಡು ಒಂದು ಬಿಳಿ ನಾಯಿಯನ್ನು ಮೂಲೆಗೆ ಒತ್ತರಿಸಿ ಹೊಡೆಯುತ್ತಿದ್ದ. ಮೂತಿಗೆ ಹೊಡೆಯುತ್ತಿದ್ದ. ಆ ನಾಯಿ ಒದರುವುದನ್ನೂ ಬಿಟ್ಟು, ಪ್ರತಿ ಏಟಿಗೆ ಒಂದು ಸಲ ಕಣ್ಣು ಮುಚ್ಚಿ ತೆರೆಯುತ್ತಿತ್ತು, ಅಷ್ಟೇ. ನನ್ನ ಮೈ ಉರಿದುಹೋಯಿತು. ಪೈಪು ಕಸಿದುಕೊಂಡು ಅವನ ಮೋರೆಗೇ ಬಾರಿಸಿದೆ. ಅವನು ‘ಆಯಿ ಗ’ ಎಂದು ಕೂತುಬಿಟ್ಟ. ಇನ್ನೊಂದು ಬಾರಿಸಿದೆ. ಯಜಮಾನ ಓಡಿ ಬಂದು ಪೊಲೀಸರನ್ನು ಕರೆಯುತ್ತೇನೆ ಅಂದ. ‘ಬುಲಾವ್, ಬುಲಾವ್! ಘರ್ ಜೈಸಾ ಪ್ಯಾರ್ ಉನ್ಕೋ ಭೀ ದಿಖಾವ್!’ ಎಂದು ಚೀರಿದೆ. ಅವನು ಕರೆಯಲಿಲ್ಲ. ಮರುವಾರ ಬಂದ ಬೆಂಗಳೂರು ಹುಡುಗಿಗೆ ಇದನ್ನೆಲ್ಲ ಹೇಳಿದರೆ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದಳು. ಅವಳ ನಾಯಿ ಎರಡು ಸಲ ಅಲ್ಲಿಂದ ಕುಂಟುತ್ತ ಬಂದಿತ್ತಂತೆ.

ಆಗ ನೆನಪಾದವನು ದೌಂಡಿನವನು. ನನ್ನ ತವರೂರಿನವನೇ. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್. ಪುಣೆಗೆ ಬಂದಾಗೆಲ್ಲ ನನ್ನಲ್ಲೇ ಊಟ. ‘ಅಕ್ಕಾರ’ ಬಿಟ್ಟು ಬೇರೆ ಮಾತಿಲ್ಲ. ನನ್ನ ಅವ್ವನ ಜೊತೆ ಅವನ ಅವ್ವ ನೀರಿಗೆ ಹೋಗುತ್ತಿದ್ದವಳು. ದೌಂಡು ಸೊಲ್ಲಾಪುರದ ದಾರಿಯಲ್ಲೇ ಇದೆ, ನಾಯಿಯನ್ನು ಇಳಿಸಿ ಮುಂದಿನ ಗಾಡಿ ಹತ್ತಿದರಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಅವನು ನಮ್ಮ ಕಡೆಯವನು. ಪುಣೆಯಲ್ಲಿ ವರ್ಷಗಟ್ಟಲೆ ಇದ್ದ ನಮ್ಮಂಥವರಿಗೆ ಈ ಒಂದು ಮಾತು ಸಾಕು. ಒಬ್ಬ ‘ಹೌದ್ರಿ ಅಕ್ಕಾರ’ ಅಂದುಬಿಟ್ಟರೆ ಅವನ ಕೈಗೆ ಮನೆಯ ಕೀಲಿ ಕೊಟ್ಟುಬಿಡುತ್ತೇವೆ. ಮರಾಠಿಯಲ್ಲಿ ಅದೇ ಮಾತು ಹೇಳಿದವನನ್ನು ನೂರು ಪ್ರಶ್ನೆ ಕೇಳುತ್ತೇವೆ.

ದೌಂಡಿನಲ್ಲಿ ಅವನ ಮನೆ ರೈಲ್ವೆ ಕ್ವಾರ್ಟರ್ಸಿನ ಕಡೆಯ ಸಾಲಿನಲ್ಲಿತ್ತು. ಹಿಂದೆ ಕಣ್ಣು ಹಾಯುವ ತನಕ ಕಬ್ಬು. ಅವನು ಕುಕ್ಕರುಗಾಲಲ್ಲಿ ಕೂತು ನನ್ನ ನಾಯಿಯನ್ನು ನೋಡಿದ. ಬಾಯಿ ಅಗಲಿಸಿ ಹಲ್ಲು ನೋಡಿದ. ಎದೆ ಒತ್ತಿದ. ಮುಂಗಾಲು ಎತ್ತಿ ಪಂಜ ಹಿಸುಕಿದ. ಯಾರನ್ನೂ ಹತ್ತಿರ ಬಿಡದ ನಾಯಿ ಅವನ ಕೈಯಲ್ಲಿ ಸುಮ್ಮನೆ ನಿಂತಿತ್ತು.

‘ಎದಿ ನೋಡ್ರಿ ಅಕ್ಕಾರ, ಪೈಲ್ವಾನಂದು ಇದ್ದಂಗ ಅದ. ಇದಕ್ಕ ಬರೇ ರೊಟ್ಟಿ ಹಾಕಿ ಇಟ್ಟೀರಲ್ಲ, ಭಾಳ ಅನ್ಯಾಯ ಮಾಡೀರಿ.’

‘ಹೊಡ್ಯೂದು ಗಿಡ್ಯೂದು ಮಾಡಬ್ಯಾಡ್ರಿ ಮತ್ತ. ನನ್ನ ಜೀವಾ ಇದರ ಮ್ಯಾಲೇ ನಿಂತದ. ಎದಕ್ಕಂತ ನಿಮಗ ಗೊತ್ತದ.’

‘ಇದರ ಮ್ಯಾಲ ಕೈ ಎತ್ತಿದ್ರ ನನ್ನ ಕೈ ಸೇದಿ ಹೋಗ್ಲಿ ಅಕ್ಕಾರ. ಮಗನಂಗ ನೋಡ್ಕೋತೀನಿ.’

ನಾನು ಕಣ್ಣೊರೆಸಿಕೊಂಡು ಗಾಡಿ ಹತ್ತಿದೆ.

ಸೊಲ್ಲಾಪುರದಲ್ಲಿ ಅವ್ವನ ಆಪರೇಷನ್ ಆಯಿತು. ಎಚ್ಚರವಾದ ಕೂಡಲೇ ನರ್ಸಿನ ಕೈಗೆ ಪಟ್ಟನೆ ಹೊಡೆದಳು, ಆಗ ಉಳಿದುಕೊಂಡಳೆಂದು ನಮಗೆಲ್ಲ ಧೈರ್ಯ ಬಂತು. ನಾನು ದಿನಾ ಎಸ್‌ಟಿಡಿ ಬೂತಿಗೆ ಹೋಗಿ ದೌಂಡಿನವನ ನೆರೆಯ ಅಂಗಡಿಗೆ ಫೋನು ಹಚ್ಚುತ್ತಿದ್ದೆ. ಅವನನ್ನು ಕರೆಸುತ್ತಿದ್ದರು.

‘ಹೆಂಗದ?’

‘ರಾಜಾನಂಗ ಅದ ಅಕ್ಕಾರ. ಮುಂಜಾನೆ ಹಾಲು, ತತ್ತಿ. ಸಂಜಿಗಿ ಮಟನ್. ನನ್ನ ಹೆಂಡ್ತಿ ಸಿಟ್ಟಿಗೆದ್ದಾಳ, ನನಗ ಹಾಕೂದು ನಾಯಿಗಿ ಹಾಕ್ತಿ ಅಂತ.’

‘ಓಡಾಡ್ಸ್ತೀರೇನು?’

‘ದಿನಾ ಓಡಸ್ತೀನಿ, ಹಳಿ ಗುಂಟ. ನೀವ್ ಬಂದು ನೋಡ್ರಿ, ಗುರ್ತೇ ಹತ್ತೂದಿಲ್ಲ.’

ನಾನು ಅಡುಗೆಯವಳು. ಹೊಟ್ಟೆ ತುಂಬ ಹಾಕುವವನು ಒಳ್ಳೆಯವನು ಎನ್ನುವುದು ನನ್ನ ರಕ್ತದಲ್ಲೇ ಇತ್ತು. ಬೂತಿನಿಂದ ಹೊರಬಂದಾಗೆಲ್ಲ ಮನಸ್ಸು ಹಗುರಾಗುತ್ತಿತ್ತು. ದವಾಖಾನೆಯಲ್ಲಿ ಎಲ್ಲರಿಗೂ ಹೇಳಿಕೊಂಡೆ, ನಮ್ಮ ಊರಿನವನು ನನ್ನ ನಾಯಿಯನ್ನು ಹೇಗೆ ನೋಡಿಕೊಳ್ಳುತ್ತಿದ್ದಾನೆ ನೋಡಿರೆಂದು. ಕಡೆಗೆ ಅವ್ವನಿಗೇ ಬೇಸರ ಬಂತು. ‘ನಾ ಇಲ್ಲಿ ಸಾಯ್ಲಾಕತ್ತೀನಿ, ನೀ ಮೂರು ಹೊತ್ತು ನಾಯಿ ನಾಯಿ ಅಂತಿ. ಹೋಗವ್ವ, ನಿನ್ನ ನಾಯಿ ಕಡಿಗೇ ಹೋಗು,’ ಎಂದು, ನಾನು ದೌಂಡಿನವನಿಗೆ ಹೇಳಿದ್ದ ದಿನಕ್ಕಿಂತ ಮುಂಚೆಯೇ ನನ್ನನ್ನು ಅಟ್ಟಿದಳು. ಅವ್ವ ಅಟ್ಟಿದ್ದಕ್ಕೇ ನಾನು ಆವತ್ತು ಬೆಳಿಗ್ಗೆ, ಯಾರಿಗೂ ತಿಳಿಸದೆ, ದೌಂಡಿನಲ್ಲಿ ಇಳಿದದ್ದು.

ಕ್ವಾರ್ಟರ್ಸಿನಲ್ಲಿ ಅವನ ಹೆಂಡತಿ ಮಾತ್ರ ಇದ್ದಳು. ನಾಯಿ ಕಟ್ಟಿದ್ದ ಜಾಗದಲ್ಲಿ ಬರೇ ಗೂಟವಿತ್ತು. ತಾಟು ತೊಳೆದಿಟ್ಟಂತೆ ಒಣಗಿತ್ತು.

‘ಕಬ್ಬಿನ ಹೊಲಕ್ಕ ಹೋಗ್ಯಾರ್ರಿ. ಇವತ್ತು ನಡುವಿನ ತುಂಡು ಕಡೀತಾರಂತ. ನಿಮ್ಮ ನಾಯಿನೂ ಒಯ್ದಾರ. ನಿನ್ನಿಯಿಂದ ಉಪಾಸ ಕೆಡವ್ಯಾರ, ಪಾಪ,’ ಅಂದಳು. ಹೆಮ್ಮೆಯಿಂದಲೇ ಅಂದಳು.

ನಮ್ಮ ಊರಿನಲ್ಲಿ ಕಬ್ಬು ಬೆಳೆಯುವುದಿಲ್ಲ, ನನಗೆ ಅರ್ಥವಾಗಲಿಲ್ಲ. ಆಕೆಯೇ ಬಿಡಿಸಿ ಹೇಳಿದಳು. ಕಬ್ಬನ್ನು ನಾಲ್ಕೂ ದಿಕ್ಕಿನಿಂದ ಕಡಿಯುತ್ತ ಬರುತ್ತಾರೆ. ಒಳಗಿದ್ದ ಪ್ರಾಣಿಗಳೆಲ್ಲ ಸರಿಯುತ್ತ ಸರಿಯುತ್ತ ನಡುವಿನ ತುಂಡಿಗೆ ಸೇರಿಕೊಳ್ಳುತ್ತವೆ. ಕಡೆಯ ದಿನ ಆ ತುಂಡಿನ ಸುತ್ತ ಮಂದಿ ನಾಯಿ ಹಿಡಿದುಕೊಂಡು ನಿಲ್ಲುತ್ತಾರೆ. ಈ ಸಲ ಒಳಗೆ ದೊಡ್ಡ ಕಾಡುಹಂದಿ ಸಿಕ್ಕಿಕೊಂಡಿದೆ. ಹೋದ ವರ್ಷ ಅಂಥದೇ ಒಂದು ಅವರ ಎರಡು ನಾಯಿಗಳನ್ನು ಸೀಳಿಹಾಕಿತ್ತು. ಅದಕ್ಕೇ ಈ ಸಲ ಒಂದು ಗಟ್ಟಿ ನಾಯಿ ಬೇಕಿತ್ತು.

ಹಾಲು, ತತ್ತಿ, ಮಟನ್. ಹಳಿ ಗುಂಟ ಓಟ. ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಆ ಕಡೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಅಡ್ಡ ನಿಂತೆ.

ಹೊಲ ಬಯಲಾಗಿತ್ತು. ನಡುವೆ ಒಂದು ಕೋಣೆಯಷ್ಟು ಕಬ್ಬು ಉಳಿದಿತ್ತು. ಸುತ್ತ ಗಂಡಸರು. ಕೆಲವರ ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ, ಕೆಲವರ ಕೈಯಲ್ಲಿ ಎಣ್ಣೆಯ ಡಬ್ಬಿ, ಅದನ್ನು ಕೋಲಿನಿಂದ ಬಾರಿಸುತ್ತಿದ್ದರು. ಏನು ಗದ್ದಲ, ಏನು ಕೇಕೆ! ನಾಯಿಗಳು ಹಗ್ಗ ಜಗ್ಗಿ ಹಿಂಗಾಲ ಮೇಲೆ ನಿಂತಿದ್ದವು. ನಡುವಿನದು ನನ್ನದು. ಮೈ ಮಿರಿಮಿರಿ ಮಿಂಚುತ್ತಿತ್ತು, ಕುತ್ತಿಗೆ ದಪ್ಪಗಾಗಿತ್ತು. ಹಗ್ಗದ ತುದಿ ಗ್ಯಾಂಗ್‌ಮನ್ನನ ಕೈಯಲ್ಲಿತ್ತು. ‘ಏಯ್! ಏಯ್!’ ಎಂದು ನಾಯಿಯನ್ನು ಕೂಗಿದೆ. ಡಬ್ಬಿಗಳ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಕಡಿದ ಕಬ್ಬಿನ ಕೂಳೆಗಳು ಕಾಲಿಗೆ ಚುಚ್ಚುತ್ತಿದ್ದವು, ಓಡಿದೆ.

ನಾನು ತಲುಪುವ ಮೊದಲೇ ಹಂದಿ ಹೊರಗೆ ಬಂತು. ಓಡಿ ಬರಲಿಲ್ಲ, ಕಬ್ಬಿನ ಗೋಡೆಯನ್ನು ಒಡೆದುಕೊಂಡು ಬಂತು. ಕಪ್ಪಗೆ, ಹೆಗಲು ಉಬ್ಬಿಕೊಂಡು, ಬಾಯಿಯ ಎರಡೂ ಬದಿಗೆ ಹಳದಿ ಕೋರೆ. ಗ್ಯಾಂಗ್‌ಮನ್ ಹಗ್ಗ ಬಿಟ್ಟ. ಮಿಕ್ಕ ನಾಯಿಗಳು ಸುತ್ತ ಸುತ್ತಿ ಬೊಗಳುತ್ತ ನಿಂತವು. ನನ್ನದು ಬೊಗಳುವ ಜಾತಿಯಲ್ಲ. ಸೀದಾ ಹೋಗಿ ಕಿವಿಯ ಬುಡ ಹಿಡಿಯಿತು.

ಹಂದಿ ಕತ್ತು ಕೊಡವಿತು. ನಾಯಿಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಿತು, ಮತ್ತೆ ಎತ್ತಿತು, ಮತ್ತೆ ಅಪ್ಪಳಿಸಿತು. ನಾಯಿಯ ಪಕ್ಕೆ ಉದ್ದಕ್ಕೆ ಸೀಳಿ, ಬಿಳಿಯದೇನೋ ಕಂಡಿತು. ಹಿಂದಿನ ಒಂದು ಕಾಲು ಹಂದಿಯ ಗೊರಸಿನ ಕೆಳಗೆ ಸಿಕ್ಕಿತು. ಕಟಕ್ ಎಂದ ಸದ್ದು ನನಗೆ ಡಬ್ಬಿಗಳ ಗದ್ದಲದಲ್ಲೂ ಕೇಳಿತು. ಆದರೂ ಅದು ಬಿಡಲಿಲ್ಲ. ಗಂಡಸರು ಆಗ ನುಗ್ಗಿದರು. ಕೊಯ್ತಾಗಳು ಎದ್ದವು, ಇಳಿದವು. ರಕ್ತ ಚಿಮ್ಮಿ ಅವರ ಅಂಗಿಗೆ, ಮೀಸೆಗೆ, ಹಲ್ಲಿಗೆ. ಹಂದಿ ಮನುಷ್ಯರಂತೆ ಚೀರಿತು. ಅದು ಸತ್ತು ಬಿದ್ದ ಮೇಲೂ ನಾಯಿಯ ಬಾಯಿ ಬಿಡಿಸಲು ಇಬ್ಬರು ಬೇಕಾದರು.

‘ನೋಡಿದ್ರೇನ್ರೋ! ನಮ್ಮೂರ ಅಕ್ಕಾರ ನಾಯಿ!’ ಎಂದು ಗ್ಯಾಂಗ್‌ಮನ್ ಕುಣಿಯುತ್ತಿದ್ದ. ತಿರುಗಿ ನೋಡಿದರೆ ನಾನು. ‘ಬಂದ್ರೇನ್ರಿ ಅಕ್ಕಾರ! ಕಣ್ಣಾರೆ ನೋಡಿದ್ರಲ್ಲ? ಹುಲಿ ಅದರಿ ನಿಮ್ಮ ನಾಯಿ, ಹುಲಿ!’

ಒಂದು ಕಬ್ಬು ಎತ್ತಿಕೊಂಡು ಅವನ ಮೋರೆಗೆ ಹೊಡೆದೆ. ಹಸಿ ಕಬ್ಬು ಅಷ್ಟು ಬೇಗ ಮುರಿಯುವುದಿಲ್ಲ. ಹೆಗಲಿಗೆ, ಬೆನ್ನಿಗೆ, ತಲೆಗೆ, ಸಿಕ್ಕಲ್ಲಿ ಹೊಡೆದೆ. ಅದು ಮುರಿದ ಮೇಲೆ ಚಪ್ಪಲಿ ತೆಗೆದೆ. ‘ಹಲ್ಕಟ್ ಸೂಳಿಮಗನ, ಮಗನಂಗ ನೋಡ್ಕೋತೀನಿ ಅಂದಿದ್ದೆಲ್ಲೋ! ನಿನ್ನ ಮಗನ್ನ ಬಿಡು ಹಂದಿ ಮುಂದ! ಬಿಡು!’ ಅವನ ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು. ಅವನು ನನ್ನ ಮೇಲೆ ಕೈ ಎತ್ತಲಿಲ್ಲ, ಓಡಲೂ ಇಲ್ಲ. ಮಂದಿ ನನ್ನನ್ನು ಹಿಡಿದುಕೊಂಡರು. ಅವನು ಮುಖ ಒರೆಸಿಕೊಳ್ಳುತ್ತ, ಖರೇನೇ ತಿಳಿಯದೆ ಕೇಳಿದ: ‘ಯಾಕ್ರಿ ಅಕ್ಕಾರ? ನಾ ಅದಕ್ಕ ಏನು ಕಡಿಮಿ ಮಾಡೀನಿ?’

ಆ ಮಾತು ನೆನಪಾದರೆ ಇವತ್ತಿಗೂ ಅವನನ್ನು ಹೊಡೆಯಬೇಕೆನಿಸುತ್ತದೆ.

ಬ್ಯಾಗಿನಲ್ಲಿದ್ದ ಇನ್ನೊಂದು ಸೀರೆಯನ್ನು ನಾಯಿಯ ಹೊಟ್ಟೆಗೆ ಬಿಗಿದು ಸುತ್ತಿದೆ. ಟ್ರ್ಯಾಕ್ಟರಿನವನು ಹೆದ್ದಾರಿಯ ತನಕ ಬಿಟ್ಟ. ಈರುಳ್ಳಿ ಹೇರಿಕೊಂಡು ಪುಣೆಗೆ ಹೊರಟ ಒಂದು ಟೆಂಪೊ ಸಿಕ್ಕಿತು. ಅದನ್ನು ಹತ್ತುತ್ತಿದ್ದಾಗ ಗ್ಯಾಂಗ್‌ಮನ್ ಸೈಕಲ್ ತುಳಿದುಕೊಂಡು ಬಂದ. ಕೈಯಲ್ಲಿ ಕಬ್ಬಿನ ಎಲೆಯ ಪೊಟ್ಟಣ, ಕೆಳಗೆ ರಕ್ತ ತೊಟ್ಟಿಕ್ಕುತ್ತಿತ್ತು.

‘ನಾಯಿ ಪಾಲು ಅಕ್ಕಾರ. ಮೊದಲ ಹಿಡಿದ ನಾಯಿ ಮನಿಗಿ ಕೊಡಬೇಕು, ಇಲ್ಲಿ ಪದ್ಧತಿ ಅದ. ಬ್ಯಾಡನ್ನಬಾರದು,’ ಅಂದ.

ಪೊಟ್ಟಣ ಇಸಿದುಕೊಂಡು ಅವನ ಎದೆಗೇ ಎಸೆದೆ. ಮಾಂಸ ಅಂಗಿಗೆ ಬಡಿದು ಡಾಂಬರಿನ ಮೇಲೆ ಬಿತ್ತು. ಟೆಂಪೊ ಹೊರಟಾಗ ಅವನು ಬಗ್ಗಿ ಅದನ್ನು ಆರಿಸಿಕೊಳ್ಳುತ್ತಿದ್ದ.

ಪುಣೆಯ ದನದ ದವಾಖಾನೆಯ ಡಾಕ್ಟರು ನಾಯಿಯನ್ನು ನೋಡಿ, ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡುವುದೇ ಪುಣ್ಯ ಅಂದರು. ‘ತುಮ್ಚ್ಯಾ ಆಯೀಲಾ ದ್ಯಾ!’ ಅಂದೆ. ನಿಮ್ಮವ್ವನಿಗೆ ಕೊಡಿ ಎಂದು. ಅವರು ಸಿಟ್ಟಿಗೇಳುವ ಬದಲು ಕೈ ತೊಳೆದುಕೊಂಡು ಬಂದು ಹೊಲಿಯಲು ಕೂತರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಪಕ್ಕೆ ಹೊಲಿದರು. ಹಿಂಗಾಲನ್ನು ತೊಡೆಯ ಹತ್ತಿರ ತೆಗೆದರು. ನಾಯಿ ಉಳಿಯಿತು.

ಉಳಿಯಿತು, ಆದರೆ ಖಾನಾವಳಿಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಬಿದ್ದುಕೊಂಡೇ ಇರುತ್ತಿತ್ತು. ಏಳಲು ಹೋಗಿ ಪಕ್ಕಕ್ಕೆ ಬೀಳುತ್ತಿತ್ತು. ಉಚ್ಚೆ ಹೊಯ್ಯಲು ನಾನೇ ಎತ್ತಿಕೊಂಡು ಹೋಗಬೇಕಿತ್ತು. ಊಟಕ್ಕೆ ಬಂದ ಗೌಂಡಿಗಳು ತಲಾ ಒಂದು ಮಾತು ಹೇಳಿ ಮರುಗಿದರು. ಅವರು ಹೊರಗೆ ಹೋಗಿಯೂ ಮರುಗಿರಬೇಕು, ಸುದ್ದಿ ರಸ್ತೆ ದಾಟಿತು.

ಒಂದು ಮಧ್ಯಾಹ್ನ, ಗೌಂಡಿಗಳೆಲ್ಲ ಕೆಲಸಕ್ಕೆ ಮರಳಿದ ಹೊತ್ತು, ಮೈದುನ ಒಳಗೆ ಬಂದ. ಮೋಟರ್ ಸೈಕಲನ್ನು ಬಾಗಿಲಿಗೇ ತಂದು ನಿಲ್ಲಿಸಿದ್ದ. ಬೆಂಚಿನ ಮೇಲೆ ಕಾಲು ಅಗಲಿಸಿ ಕೂತ.

‘ಊಟಾ ಹಾಕು ವೈನಿ.’

ಹಾಕಿದೆ. ಯಾಕೆ ಹಾಕಿದೆನೆಂದು ಕೇಳಬೇಡಿ. ಒಳಗೆ ಬಂದು ಕೂತವನಿಗೆ ಹಾಕಿಯೇ ನನಗೆ ರೂಢಿ. ಅವನು ಸಾವಕಾಶವಾಗಿ ಉಂಡ. ಬದನೆಕಾಯಿ ಪಲ್ಯವನ್ನು ಇನ್ನೊಂದು ಸಲ ಹಾಕಿಸಿಕೊಂಡ. ‘ಉಪ್ಪು ಕಡಿಮಿ ಆಗ್ಯಾದ,’ ಅಂದ. ಕೈ ತೊಳೆಯಲಿಲ್ಲ. ಚೊಂಬಿನ ನೀರನ್ನು ಎತ್ತಿಕೊಂಡು ಹೋಗಿ ಮೂಲೆಯಲ್ಲಿದ್ದ ನಾಯಿಯ ಮುಖದ ಮೇಲೆ ಸುರಿದ. ನಾಯಿ ಹಲ್ಲು ತೋರಿಸಿ ಎದ್ದಿತು. ಎದ್ದು ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು. ಅವನು ನಕ್ಕ. ನಕ್ಕು, ಬೂಟುಗಾಲನ್ನು ಅದರ ಹೊಲಿಗೆಯ ಮೇಲೆ ಇಟ್ಟು ಒತ್ತಿದ.

ಅದು ಅತ್ತಿತು. ಕಾಡುಹಂದಿಯ ಕೈಯಲ್ಲಿ ಅಳದ ನಾಯಿ ಅತ್ತಿತು.

ನಾನು ಹೋಗಿ ಅವನನ್ನು ನೂಕಿದೆ. ಅವನಿಗೆ ಅದೇ ಬೇಕಿತ್ತು. ಎಡಗೈಯಿಂದ ನನ್ನ ತುರುಬು ಹಿಡಿದು ತಲೆಯನ್ನು ತಗಡಿನ ಗೋಡೆಗೆ ಬಡಿದ. ‘ಚೀರು, ಚೀರು. ಯಾರು ಬರ್ತಾರ ನೋಡೂಣು,’ ಅಂದ. ನಾನು ಚೀರಲು ಬಾಯಿ ತೆರೆದ ಕೂಡಲೇ ಬಲಗೈಯಿಂದ ಮುಚ್ಚಿದ. ಅವನ ಹೆಬ್ಬೆರಳು ನನ್ನ ಹಲ್ಲಿನ ನಡುವೆ ಬಂತು.

ಕಚ್ಚಿದೆ. ಮೊದಲು ನಾಲಿಗೆಗೆ ನನ್ನದೇ ಪಲ್ಯದ ಮಸಾಲೆ ಹತ್ತಿತು, ಆಮೇಲೆ ರಕ್ತ. ಅವನು ತುರುಬು ಬಿಟ್ಟು ಆ ಕೈಯಿಂದ ನನ್ನ ಕಿವಿಗೆ, ಕಣ್ಣಿಗೆ, ನೆತ್ತಿಗೆ ಗುದ್ದಿದ. ಕಣ್ಣು ಕತ್ತಲೆ ಬಂತು. ಬಿಡಲಿಲ್ಲ. ನನ್ನನ್ನು ಎಳೆದುಕೊಂಡೇ ಬಾಗಿಲ ತನಕ ಹೋದ. ಬಿಡಲಿಲ್ಲ. ಹಲ್ಲು ಎಲುಬಿಗೆ ತಾಗಿದ್ದು ತಿಳಿಯಿತು, ಆಗ ಇನ್ನೂ ಬಲವಾಗಿ ಒತ್ತಿದೆ. ಬೆರಳಿನ ಕೀಲು ಜಾರಿದಂತಾಯಿತು. ಅವನು ‘ಎವ್ವಾ’ ಎಂದ. ತನ್ನ ಅವ್ವನನ್ನು ಕರೆದ, ಸಣ್ಣ ಹುಡುಗನ ಹಾಗೆ. ನಾನೇ ಬಾಯಿ ಬಿಟ್ಟೆ. ಅವನು ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ರಸ್ತೆಗೆ ಓಡಿದ. ಮೋಟರ್ ಸೈಕಲ್ ಅಲ್ಲೇ ನಿಂತಿತ್ತು. ಹೊರಗೆ ಮಂದಿ ಸೇರಿದ್ದರು. ಬಾಗಿಲಲ್ಲಿ ನಿಂತು ಬಾಯಲ್ಲಿದ್ದ ಅವನ ರಕ್ತ ಉಗುಳಿದೆ. ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಅವನು ಮತ್ತೆ ಯಾವತ್ತೂ ಆ ರಸ್ತೆಗೆ ಬರಲಿಲ್ಲ. ಮೋಟರ್ ಸೈಕಲನ್ನೂ ಬೇರೆಯವರಿಂದ ತರಿಸಿಕೊಂಡ.

ಒಳಗೆ ಬಂದೆ. ನಗು ಬರುತ್ತಿತ್ತು. ‘ಏಯ್, ನೋಡಿದಿಲ್ಲೊ?’ ಎಂದು ನಾಯಿಯ ಹತ್ತಿರ ಕುಕ್ಕರಿಸಿದೆ. ಅದು ನನ್ನ ಬಾಯಿಯನ್ನು ನೋಡಿತು. ಮೂಗು ಅರಳಿಸಿತು. ಮೂರು ಕಾಲಿನಲ್ಲಿ, ಹೊಲಿಗೆಯನ್ನು ನೆಲಕ್ಕೆ ಉಜ್ಜಿಕೊಂಡು, ನನ್ನಿಂದ ಹಿಂದೆ ಹಿಂದೆ ಸರಿದು ಬೆಂಚಿನ ಅಡಿಗೆ ಹೋಗಿ ಗೋಡೆಗೆ ಒತ್ತಿಕೊಂಡಿತು. ಕೈ ಚಾಚಿದೆ. ಉಚ್ಚೆ ಹೊಯ್ದುಕೊಂಡಿತು.

ಆಗ ಅತ್ತೆ. ಗಂಡನ ಹೆಣದ ಮುಂದೆ ಅಷ್ಟು ಅತ್ತಿರಲಿಲ್ಲ. ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ, ಮುಖ ತೊಳೆದು, ರವಿಕೆ ಬದಲಿಸಿಕೊಂಡು ಬಂದೆ. ಒಂದು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಬೆಂಚಿನ ಹತ್ತಿರ ಇಟ್ಟು, ದೂರ ಕೂತು ಕರೆದೆ. ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆದೆ. ಗೌಂಡಿಗಳು ಕೆಲಸ ಬಿಟ್ಟು ಬರುವ ಹೊತ್ತಾಗಿತ್ತು, ಎದ್ದು ಹಿಟ್ಟು ನಾದಲು ಕೂತೆ.